ನೀರು ಏರಿದ್ದು ಯಾವಾಗ?

ಕಳೆದ ತಿಂಗಳು ತಂಗಿಯ ಮಗಳು ತನ್ನ ವಿಜ್ಞಾನದ ರೆಕಾರ್ಡ್ ಪುಸ್ತಕ ಹಿಡಿದುಕೊಂಡು ಬಂದು ನನ್ನ ಪಕ್ಕ ಕೂತಳು. ಎಂಟನೆಯ ತರಗತಿ. ಪ್ರಯೋಗದ ಪುಟದಲ್ಲಿ ಚಿತ್ರವನ್ನು ಬಹಳ ಅಚ್ಚುಕಟ್ಟಾಗಿ ಬರೆದಿದ್ದಳು. ಒಂದು ಬೋಗುಣಿ, ಅದರಲ್ಲಿ ನೀರು, ನಡುವೆ ಉರಿಯುವ ಮೇಣದಬತ್ತಿ, ಅದರ ಮೇಲೆ ಬೋರಲು ಹಾಕಿದ ಗಾಜಿನ ಜಾಡಿ. ಕೆಳಗೆ ‘ವೀಕ್ಷಣೆ’ ಎಂದು ಬರೆದು ಎರಡು ಗೆರೆ ಎಳೆದಿದ್ದಳು. ಅದರಡಿ ಇದ್ದದ್ದು ಒಂದೇ ವಾಕ್ಯ: “ಮೇಣದಬತ್ತಿಯು ಜಾಡಿಯಲ್ಲಿದ್ದ ಆಮ್ಲಜನಕವನ್ನು ಬಳಸಿಕೊಂಡಿದ್ದರಿಂದ ನೀರು ಐದನೇ ಒಂದು ಭಾಗದಷ್ಟು ಮೇಲೇರಿತು.”

“ಇದನ್ನ ನೀನೇ ನೋಡಿದ್ಯಾ?” ಅಂತ ಕೇಳಿದೆ.

“ಹೂಂ ದೊಡ್ಡಮ್ಮ, ಕ್ಲಾಸಲ್ಲಿ ಮಾಡಿ ತೋರಿಸಿದ್ರು.”

“ನೀರು ಮೇಲೇರಿದ್ದು ಯಾವಾಗ? ಬತ್ತಿ ಉರೀತಿರುವಾಗಲಾ, ಆರಿದ್ಮೇಲಾ?”

ಅವಳು ತಕ್ಷಣ ಉತ್ತರ ಕೊಡಲಿಲ್ಲ. ಕಣ್ಣು ಕಿರಿದು ಮಾಡಿಕೊಂಡು ನೆನಪಿಸಿಕೊಂಡಳು. “ಆರಿದ್ಮೇಲೆ ಅನ್ಸತ್ತೆ. ಆರಿದ ತಕ್ಷಣ ಸರ್‍ರಂತ ಏರ್ತು.” ಅಷ್ಟು ಹೇಳಿ ಸ್ವಲ್ಪ ತಡೆದು, ದನಿ ತಗ್ಗಿಸಿ ಕೇಳಿದಳು: “ಆದ್ರೆ ಹಾಗೆ ಬರೀಬಾರ್ದಲ್ವಾ?”

ಆ ಪ್ರಶ್ನೆ ಅವತ್ತಿನಿಂದ ನನ್ನನ್ನು ಬಿಟ್ಟಿಲ್ಲ. ಹದಿಮೂರು ವರ್ಷದ ಹುಡುಗಿ ಸರಿಯಾಗಿಯೇ ನೋಡಿದ್ದಾಳೆ. ನೋಡಿದ್ದು ನೆನಪಿನಲ್ಲೂ ಇದೆ. ಆದರೆ ನೋಡಿದ್ದನ್ನು ಬರೆಯುವುದು ತಪ್ಪು ಎಂದು ಯಾರೂ ಬಾಯಿಬಿಟ್ಟು ಹೇಳದೆಯೇ ಕಲಿತುಬಿಟ್ಟಿದ್ದಾಳೆ. ಅದನ್ನು ಅವಳಿಗೆ ಕಲಿಸಿದವರು ಯಾರೋ ಒಬ್ಬ ಮೇಷ್ಟ್ರಲ್ಲ. ನಾನೂ ಅದನ್ನೇ ಕಲಿತೆ. ಕೆಲವು ವರ್ಷ ಪಾಠ ಹೇಳುತ್ತಿದ್ದಾಗ ನಾನೂ ಅದನ್ನೇ ಕಲಿಸಿದೆ ಎಂದು ಈಗ ಅನ್ನಿಸುತ್ತದೆ.

ಜಾಡಿಯೊಳಗೆ ನಿಜವಾಗಿ ಏನಾಗುತ್ತದೆ

ಈ ಪ್ರಯೋಗ ಎಷ್ಟು ಹಳೆಯದೆಂದರೆ, ಬೈಜಾಂಟಿಯಮ್‌ನ ಫಿಲೊ ಎಂಬ ಗ್ರೀಕ್ ಯಂತ್ರಜ್ಞ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಇದನ್ನು ವಿವರಿಸಿದ್ದಾನೆ. ನೀರಿನ ನಡುವೆ ಉರಿಯುವ ದೀಪ, ಮೇಲೆ ಬೋರಲು ಪಾತ್ರೆ, ಒಳಗೆ ಏರುವ ನೀರು. ಅವನಿಗೆ ಆಮ್ಲಜನಕ ಗೊತ್ತಿರಲಿಲ್ಲ. ಗಾಳಿಯ ಒಂದಷ್ಟು ಭಾಗ ಬೆಂಕಿಯಾಗಿ ಬದಲಾಗಿ ಗಾಜಿನ ಸೂಕ್ಷ್ಮ ರಂಧ್ರಗಳ ಮೂಲಕ ಹೊರಗೆ ಹೋಯಿತು, ಆ ಜಾಗ ತುಂಬಲು ನೀರು ಏರಿತು ಎಂದು ಅವನು ತಿಳಿದ. ಅವನು ಕಂಡಿದ್ದೂ ನನ್ನ ತಂಗಿಯ ಮಗಳು ಕಂಡಿದ್ದೂ ಒಂದೇ. ಅವನು ತನ್ನ ಕಾಲದ ತಿಳಿವಳಿಕೆಯಿಂದ ಅರ್ಥ ಹಚ್ಚಿದ, ಇವಳು ತನ್ನ ಪಠ್ಯಪುಸ್ತಕದಿಂದ. ಇಬ್ಬರ ವಿವರಣೆಯೂ ಕಂಡದ್ದಕ್ಕೆ ಹೊಂದುವುದಿಲ್ಲ ಎನ್ನುವುದೇ ನನ್ನನ್ನು ಕಾಡುವ ವಿಷಯ.

ಆಮ್ಲಜನಕ ಖರ್ಚಾಗುತ್ತಾ ಹೋದ ಹಾಗೆ ನೀರು ಏರುವುದಾಗಿದ್ದರೆ, ಬತ್ತಿ ಉರಿಯುವಷ್ಟು ಹೊತ್ತೂ ನೀರು ನಿಧಾನವಾಗಿ ಏರುತ್ತಲೇ ಇರಬೇಕಿತ್ತು. ಬತ್ತಿ ಆರಿದೊಡನೆ ನಿಲ್ಲಬೇಕಿತ್ತು. ಆಗುವುದು ಹೆಚ್ಚುಕಡಿಮೆ ಇದರ ತಿರುವುಮುರುವು. ಜಾಡಿಯನ್ನು ಉರಿಯ ಮೇಲೆ ಇಳಿಸುವಾಗ, ಅಂಚು ನೀರಿಗೆ ತಾಗಿದ ಮೇಲೂ, ಒಂದೆರಡು ಗುಳ್ಳೆ ಬುಳುಬುಳು ಎಂದು ಹೊರಗೆ ಬರುತ್ತವೆ. ಆಮೇಲೆ ಉರಿ ಕುಗ್ಗುತ್ತದೆ, ತುದಿ ನಡುಗುತ್ತದೆ, ಬಣ್ಣ ಮಂಕಾಗುತ್ತದೆ. ಅಷ್ಟು ಹೊತ್ತೂ ನೀರಿನ ಮಟ್ಟ ಹೆಚ್ಚು ಕದಲುವುದಿಲ್ಲ. ಉರಿ ಆರಿ, ಬತ್ತಿಯಿಂದ ಬಿಳಿಯ ಎಳೆಯೊಂದು ಮೇಲೆದ್ದು, ಜಾಡಿಯ ಒಳಮೈ ಮಬ್ಬಾಗುವ ಹೊತ್ತಿಗೆ ನೀರು ಒಮ್ಮೆಲೇ ಏರುತ್ತದೆ. ಕೆಲವೇ ಸೆಕೆಂಡು, ಅಷ್ಟೇ. ಅಲ್ಲಿ ನಡೆಯುವ ಮುಖ್ಯ ಸಂಗತಿ ಗಾಳಿ ತಣ್ಣಗಾಗುವುದು. ಜಾಡಿಯನ್ನು ಮುಚ್ಚುವಾಗ ಒಳಗೆ ಸೇರಿದ್ದು ಉರಿಯ ಮೇಲಿನ ಬಿಸಿಗಾಳಿ, ಹಿಗ್ಗಿದ ಗಾಳಿ. ಹಿಗ್ಗಿ ಹೆಚ್ಚಾದದ್ದು ಗುಳ್ಳೆಯಾಗಿ ಹೊರಗೆ ಹೋಯಿತು. ಉರಿ ಆರಿದ ಮೇಲೆ ಉಳಿದ ಗಾಳಿ ತಣ್ಣಗಾಗಿ ಕುಗ್ಗಿತು. ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಗೆ ತಳ್ಳಿತು. ಗಾಜಿನ ಒಳಮೈಗೆ ಹನಿಯಾಗಿ ಅಂಟಿದ ನೀರಾವಿಯೂ ಇದಕ್ಕೆ ತನ್ನ ಪಾಲು ಸೇರಿಸಿತು.

ಹಾಗಾದರೆ ಆಮ್ಲಜನಕದ ಲೆಕ್ಕವೇನು? ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಹೈಸ್ಕೂಲಿನ ಸಮೀಕರಣ ಸರಿದೂಗಿಸಲು ಬಂದರೆ ಸಾಕು, ಈ ಲೆಕ್ಕ ಯಾರಾದರೂ ಮಾಡಬಹುದು. ಮೇಣದಬತ್ತಿಯ ಪ್ಯಾರಾಫಿನ್ ಮೇಣವೆಂದರೆ ಉದ್ದುದ್ದ ಸರಪಳಿಯ ಹೈಡ್ರೊಕಾರ್ಬನ್‌ಗಳ ಮಿಶ್ರಣ. ಲೆಕ್ಕಕ್ಕೆ 25 ಇಂಗಾಲದ ಪರಮಾಣು, 52 ಜಲಜನಕದ ಪರಮಾಣು ಇರುವ ಅಣುವೊಂದನ್ನು ತೆಗೆದುಕೊಳ್ಳಿ. ಅದು ಪೂರ್ತಿ ಉರಿಯಲು 38 ಆಮ್ಲಜನಕದ ಅಣುಗಳು ಬೇಕು. ಹುಟ್ಟುವುದು 25 ಇಂಗಾಲದ ಡೈಆಕ್ಸೈಡ್ ಅಣುಗಳು, 26 ನೀರಿನ ಅಣುಗಳು. ನೀರಾವಿ ತಣ್ಣಗಾಗಿ ಹನಿಯಾಯಿತು ಎಂದುಕೊಂಡರೂ, ಹೋದ 38 ಪಾಲು ಅನಿಲದ ಜಾಗಕ್ಕೆ 25 ಪಾಲು ಇನ್ನೊಂದು ಅನಿಲ ಬಂದು ಕೂತಿದೆ. ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗುತ್ತದೆ, ನಿಜ. ಆದರೆ ಅಲುಗಾಡದೆ ನಿಂತ ನೀರಿನ ಆ ಪುಟ್ಟ ಮೈಯಲ್ಲಿ ನಾಲ್ಕಾರು ಸೆಕೆಂಡಿನಲ್ಲಿ ಅಷ್ಟೊಂದು ಕರಗುವುದಿಲ್ಲ.

ಇನ್ನೊಂದು ಮಾತು ಇದಕ್ಕಿಂತ ದೊಡ್ಡದು. ಮೇಣದಬತ್ತಿ ಆರುವುದು ಆಮ್ಲಜನಕ ಪೂರ್ತಿ ಮುಗಿದ ಮೇಲೆ ಅಲ್ಲ. ಗಾಳಿಯಲ್ಲಿ ನೂರಕ್ಕೆ 21 ಪಾಲು ಇರುವ ಆಮ್ಲಜನಕ ಸುಮಾರು 16ಕ್ಕೆ ಇಳಿಯುವಷ್ಟರಲ್ಲೇ ಉರಿಗೆ ಅದು ಸಾಲದಾಗುತ್ತದೆ. ನಾವು ಹೊರಗೆ ಬಿಡುವ ಉಸಿರಿನಲ್ಲೂ ಇರುವುದು ಹೆಚ್ಚುಕಡಿಮೆ ಅಷ್ಟೇ. ಅಂದರೆ ನೂರರಲ್ಲಿ ಐದು ಪಾಲು ಆಮ್ಲಜನಕ ಹೋಯಿತು, ಅದರ ಜಾಗಕ್ಕೆ ಮೂರು ಪಾಲಿಗೂ ಸ್ವಲ್ಪ ಹೆಚ್ಚು ಇಂಗಾಲದ ಡೈಆಕ್ಸೈಡ್ ಬಂತು. ನಿಜವಾಗಿ ಖಾಲಿಯಾದ ಜಾಗ ನೂರರಲ್ಲಿ ಎರಡು ಪಾಲೂ ಇಲ್ಲ. ಐದನೇ ಒಂದು ಭಾಗ ಎಲ್ಲಿಂದ ಬರಬೇಕು?

ಬರುವುದು ಶಾಖದಿಂದ. ಮುಚ್ಚಿದಾಗ ಜಾಡಿಯೊಳಗಿನ ಗಾಳಿ ಸರಾಸರಿ 100 ಡಿಗ್ರಿ ಸೆಲ್ಸಿಯಸ್ ಇತ್ತು, ಆಮೇಲೆ 27 ಡಿಗ್ರಿಗೆ ಇಳಿಯಿತು ಎಂದಿಟ್ಟುಕೊಳ್ಳಿ. ಕೆಲ್ವಿನ್‌ನಲ್ಲಿ 373ರಿಂದ 300ಕ್ಕೆ; ಅನಿಲದ ಗಾತ್ರ ಹಿಗ್ಗಿ ಕುಗ್ಗುವುದು ಈ ಅಳತೆಗೆ ತಕ್ಕಂತೆಯೇ. ಗಾತ್ರ ಎಷ್ಟು ಕುಗ್ಗಿತು? ಸುಮಾರು ಐದನೇ ಒಂದು ಭಾಗ! ಇದನ್ನು ಮೊದಲ ಸಲ ಲೆಕ್ಕ ಹಾಕಿ ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು. ಆಮ್ಲಜನಕದ ಪ್ರಮಾಣಕ್ಕೂ ಈ ಸಂಖ್ಯೆಗೂ ಯಾವ ಸಂಬಂಧವೂ ಇಲ್ಲ. ಬರೀ ಕಾಕತಾಳೀಯ. ಬೇರೆ ಜಾಡಿ, ಬೇರೆ ಬತ್ತಿ, ಮುಚ್ಚುವ ಕೈಯ ಬೇರೆ ವೇಗವಾದರೆ ನೀರಿನ ಮಟ್ಟವೂ ಬೇರೆಯಾಗುತ್ತದೆ. ಆದರೆ ಉತ್ತರ ಮೊದಲೇ ಗೊತ್ತಿರುವಾಗ, ನೀರು ಆರನೇ ಒಂದು ಭಾಗ ಏರಿದರೂ ನಾಲ್ಕನೇ ಒಂದು ಭಾಗ ಏರಿದರೂ ನಮ್ಮ ಕಣ್ಣು ಅದನ್ನು ಐದನೇ ಒಂದಕ್ಕೆ ತಂದು ನಿಲ್ಲಿಸುತ್ತದೆ.

ಗುಲಾಬಿ ಬಣ್ಣ ಹೋದದ್ದೆಲ್ಲಿಗೆ

ಕಾಲೇಜಿನ ಮೊದಲ ವರ್ಷದ ರಸಾಯನಶಾಸ್ತ್ರದ ಲ್ಯಾಬ್ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕಪ್ಪು ಕಲ್ಲಿನ ಮೇಜು, ಅದರ ಮೇಲೆ ಆಮ್ಲ ಬಿದ್ದ ಹಳೆಯ ಬಿಳಿ ಕಲೆಗಳು, ಸ್ಟ್ಯಾಂಡಿಗೆ ಸಿಕ್ಕಿಸಿದ ಬ್ಯುರೆಟ್, ಅಂದರೆ ಅಳತೆಯ ಗೆರೆಗಳಿರುವ ಉದ್ದನೆಯ ಗಾಜಿನ ಕೊಳವೆ. ಬ್ಯುರೆಟ್‌ನಲ್ಲಿ ಸೋಡಿಯಂ ಹೈಡ್ರಾಕ್ಸೈಡ್, ಕೆಳಗಿನ ಫ್ಲಾಸ್ಕಿನಲ್ಲಿ ಪಿಪೆಟ್ಟಿನಿಂದ ಅಳೆದು ಹಾಕಿದ ಆಮ್ಲ, ಎರಡು ಹನಿ ಫಿನಾಲ್ಫ್ತಲೀನ್; ಅದು ಆಮ್ಲದಲ್ಲಿ ಬಣ್ಣವಿಲ್ಲದೆ, ಪ್ರತ್ಯಾಮ್ಲದಲ್ಲಿ ಗುಲಾಬಿಯಾಗಿ ಕಾಣುವ ಸೂಚಕ. ಎಡಗೈಯಲ್ಲಿ ಬ್ಯುರೆಟ್‌ನ ತಿರುಪು, ಬಲಗೈಯಲ್ಲಿ ಫ್ಲಾಸ್ಕು. ಹನಿ ಬಿದ್ದ ಜಾಗದಲ್ಲಿ ಗುಲಾಬಿ ಬಣ್ಣದ ಸಣ್ಣದೊಂದು ಮೋಡ ಕಾಣಿಸಿಕೊಳ್ಳುತ್ತದೆ, ಫ್ಲಾಸ್ಕು ಆಡಿಸಿದರೆ ಮಾಯವಾಗುತ್ತದೆ. ಕೊನೆಗೊಮ್ಮೆ ಆಡಿಸಿದರೂ ಹೋಗದ ಹಾಗೆ, ಇದೆಯೋ ಇಲ್ಲವೋ ಎನ್ನುವಷ್ಟು ತೆಳುವಾದ ಗುಲಾಬಿ ನಿಲ್ಲುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ನನಗೆ ಆ ಕ್ಷಣ ಬಹಳ ಇಷ್ಟವಾಗಿತ್ತು. ಒಂದೇ ಹನಿಯ ಅಂತರದಲ್ಲಿ ಇಡೀ ದ್ರಾವಣ ಈ ಕಡೆಯಿಂದ ಆ ಕಡೆಗೆ ಹೋಗುತ್ತದೆ.

ಅವತ್ತು ಮೂರು ಸಲ ಮಾಡಿ, ಎಷ್ಟು ಮಿಲಿಲೀಟರ್ ಸೋಡಿಯಂ ಹೈಡ್ರಾಕ್ಸೈಡ್ ಖರ್ಚಾಯಿತು ಎಂದು ನೋಡಿದಾಗ ನನಗೆ ಬಂದ ರೀಡಿಂಗ್‌ಗಳು 9.7, 9.9, 9.8. ಪಕ್ಕದಲ್ಲಿದ್ದ ಗೆಳತಿ ಇಣುಕಿ ನೋಡಿ, “ಮೂರೂ ಒಂದೇ ಬರೀಬೇಕು ಕಣೇ, ಇಲ್ಲಾಂದ್ರೆ ಮಾರ್ಕ್ಸ್ ಹೋಗತ್ತೆ” ಅಂದಳು. ನಾನು ರಬ್ಬರ್ ತೆಗೆದುಕೊಂಡು ಉಜ್ಜಿ 9.8, 9.8, 9.8 ಎಂದು ಬರೆದೆ. ಪೂರ್ಣ ಅಂಕ ಬಂತು. ಬ್ಯುರೆಟ್‌ನ ಒಂದು ಮನೆ 0.1 ಮಿಲಿಲೀಟರ್. ಅದರೊಳಗಿನ ದ್ರಾವಣದ ಬಾಗಿದ ಮೈಯನ್ನು ಕಣ್ಣಿನ ಮಟ್ಟಕ್ಕೆ ಸರಿಯಾಗಿ ನೋಡದಿದ್ದರೆ ಒಂದು ಮನೆ ಆಚೀಚೆ ಆಗುವುದು ಸಹಜ. ಒಂದು ಹನಿಯ ಗಾತ್ರವೇ ಸುಮಾರು 0.05 ಮಿಲಿಲೀಟರ್. ಮನುಷ್ಯರ ಕೈ, ಮನುಷ್ಯರ ಕಣ್ಣು ಮಾಡಿದ ಅಳತೆಯಲ್ಲಿ 9.7, 9.9, 9.8 ಬರುವುದೇ ಪ್ರಾಮಾಣಿಕವಾದ ಫಲಿತಾಂಶ. ಮೂರು ಅಳತೆ ಯಾಕೆ ಮಾಡುತ್ತೇವೆ ಅಂದರೆ ಅವು ಎಷ್ಟು ದೂರ ದೂರ ಬೀಳುತ್ತವೆ ಎಂದು ತಿಳಿಯಲಿಕ್ಕೆ. ಆ ದೂರವನ್ನೇ ನಾನು ರಬ್ಬರಿನಿಂದ ಅಳಿಸಿಹಾಕಿದ್ದೆ. ಆ ಪುಟದಲ್ಲಿ ಅಳತೆ ಎನ್ನುವುದೇ ಉಳಿಯಲಿಲ್ಲ.

ಅದಕ್ಕಿಂತ ಹೆಚ್ಚಾಗಿ ನೆನಪಿನಲ್ಲಿ ಉಳಿದದ್ದು ಆಮೇಲೆ ನಡೆದದ್ದು. ಕೊನೆಯ ಫ್ಲಾಸ್ಕನ್ನು ತೊಳೆಯದೆ ಮೇಜಿನ ಮೇಲೆಯೇ ಬಿಟ್ಟು ಲೆಕ್ಕ ಬರೆಯುತ್ತಾ ಕೂತಿದ್ದೆ. ತಲೆ ಎತ್ತಿ ನೋಡಿದರೆ ಆ ತೆಳು ಗುಲಾಬಿ ಬಣ್ಣ ಹೋಗಿತ್ತು. ದ್ರಾವಣ ಮತ್ತೆ ನೀರಿನ ಹಾಗೆ ತಿಳಿಯಾಗಿತ್ತು. ಯಾರೂ ಮುಟ್ಟಿರಲಿಲ್ಲ, ಏನೂ ಸೇರಿಸಿರಲಿಲ್ಲ. ನನಗೆ ಗಾಬರಿಯಾಯಿತು. ನಾನು ತಪ್ಪು ಮಾಡಿದ್ದೇನೆ, ಬಣ್ಣ ನಿಲ್ಲಬೇಕಾದ ಆ ಅಂತಿಮ ಬಿಂದು ಇನ್ನೂ ಬಂದಿರಲಿಲ್ಲವೇನೋ ಎಂದುಕೊಂಡು, ಯಾರಿಗೂ ಕಾಣದಂತೆ ಫ್ಲಾಸ್ಕನ್ನು ಸಿಂಕಿಗೆ ಸುರಿದೆ. ರೆಕಾರ್ಡಿನಲ್ಲಿ ಅದನ್ನು ಬರೆಯಲು ಕಾಲಂ ಇರಲಿಲ್ಲ. ಬರೆಯಬಹುದು ಎಂಬ ಯೋಚನೆಯೂ ಬರಲಿಲ್ಲ.

ಉತ್ತರ ಸಿಕ್ಕಿದ್ದು ಎಷ್ಟೋ ವರ್ಷಗಳ ಮೇಲೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ದ್ರಾವಣದಲ್ಲಿ ಕರಗಿ ದುರ್ಬಲ ಆಮ್ಲವಾಗುತ್ತದೆ. ಅಂತಿಮ ಬಿಂದುವಿನಲ್ಲಿ ಉಳಿದಿದ್ದ ಒಂದಿಷ್ಟು ಪ್ರತ್ಯಾಮ್ಲವನ್ನು ಅದು ನಿಧಾನವಾಗಿ ತಟಸ್ಥಗೊಳಿಸುತ್ತದೆ. ಫಿನಾಲ್ಫ್ತಲೀನ್ ಗುಲಾಬಿಯಾಗುವುದು ಪಿಎಚ್, ಅಂದರೆ ದ್ರಾವಣ ಎಷ್ಟು ಆಮ್ಲೀಯ, ಎಷ್ಟು ಪ್ರತ್ಯಾಮ್ಲೀಯ ಎಂದು ತೋರಿಸುವ ಅಂಕಿ, ಸುಮಾರು 8.2 ದಾಟಿದ ಮೇಲೆ. ಅದಕ್ಕಿಂತ ಕೆಳಗಿಳಿದರೆ ಬಣ್ಣ ಹೋಗುತ್ತದೆ. ಅರ್ಧ ನಿಮಿಷ ನಿಲ್ಲುವ ಗುಲಾಬಿ ಬಣ್ಣ ಬಂದರೆ ಸಾಕು ಎಂದು ಹೇಳಿಕೊಡುವುದು ಇದಕ್ಕೇ. ಹದಿನೇಳನೆಯ ವಯಸ್ಸಿನಲ್ಲಿ ನನ್ನ ಕಣ್ಣೆದುರೇ ಕೋಣೆಯ ಗಾಳಿ ಫ್ಲಾಸ್ಕಿನೊಳಗೆ ಇಳಿದು ಪ್ರತಿಕ್ರಿಯೆ ನಡೆಸಿತ್ತು. ನಾನದನ್ನು ನನ್ನ ತಪ್ಪು ಎಂದುಕೊಂಡು ಚೆಲ್ಲಿಬಿಟ್ಟೆ. ಆ ಫ್ಲಾಸ್ಕಿನ ಬಗ್ಗೆ ನನಗಿರುವ ಬೇಸರ ಇನ್ನೂ ಹೋಗಿಲ್ಲ.

ಕಂಡದ್ದು ಮತ್ತು ಅಂದುಕೊಂಡದ್ದು

ಪ್ರಾಯೋಗಿಕ ಪುಸ್ತಕಗಳಲ್ಲಿ ‘ವೀಕ್ಷಣೆ’ ಮತ್ತು ‘ತೀರ್ಮಾನ’ ಎಂದು ಎರಡು ಕಾಲಂ ಇರುತ್ತವೆ. ಎರಡರ ನಡುವಿನ ಗೆರೆ ತುಂಬಾ ಮುಖ್ಯ ಎನ್ನುವುದು ನನ್ನ ನಂಬಿಕೆ. ಆದರೆ ಮಕ್ಕಳ ಪುಸ್ತಕಗಳಲ್ಲಿ ಆ ಗೆರೆ ಇದ್ದೂ ಇಲ್ಲದ ಹಾಗೆ. ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ, ದ್ರಾವಣದಲ್ಲಿ ಕಬ್ಬಿಣದ ಮೊಳೆ ಇಡುವ ಪ್ರಯೋಗ ಎಲ್ಲರೂ ಮಾಡಿರುತ್ತಾರೆ. ವೀಕ್ಷಣೆಯ ಕಾಲಂನಲ್ಲಿ “ಮೊಳೆಯ ಮೇಲೆ ತಾಮ್ರ ಸಂಗ್ರಹವಾಯಿತು” ಎಂದಿರುತ್ತದೆ. ತಾಮ್ರ ಯಾರಿಗೂ ಕಾಣುವುದಿಲ್ಲ. ಕಾಣುವುದು ಮೊಳೆಯ ಮೇಲೆ ಕೂತ ಕೆಂಪು ಕಂದು ಪದರ. ಕೈಯಲ್ಲಿ ಉಜ್ಜಿದರೆ ಪುಡಿಪುಡಿಯಾಗಿ ಬರುವ, ಮೊಳೆಯ ತಲೆಯ ಹತ್ತಿರ ದಪ್ಪಗೂ ಇನ್ನೊಂದು ಕಡೆ ತೆಳ್ಳಗೂ ಇರುವ ಪದರ. ದ್ರಾವಣದ ನೀಲಿ ಬಣ್ಣ ತೆಳುವಾಗಿ, ಹೆಚ್ಚು ಹೊತ್ತು ಬಿಟ್ಟರೆ ಹಸಿರು ಕಡೆಗೆ ತಿರುಗುತ್ತದೆ. ಇಷ್ಟು ಕಂಡದ್ದು. ಆ ಕೆಂಪು ಪದರ ತಾಮ್ರವೇ ಇರಬೇಕು, ಕಬ್ಬಿಣ ದ್ರಾವಣಕ್ಕೆ ಇಳಿದಿರಬೇಕು ಎನ್ನುವುದು ಅಂದುಕೊಂಡದ್ದು. ಅದು ತುಕ್ಕೂ ಆಗಿರಬಹುದಲ್ಲ ಎಂದು ಒಂದು ಮಗು ಕೇಳಿದರೆ ಅದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ಬರಿಯ ನೀರಿನಲ್ಲಿ ಇನ್ನೊಂದು ಮೊಳೆ ಇಟ್ಟು ಅಷ್ಟೇ ಹೊತ್ತು ಕಾದರೆ ಉತ್ತರದ ದಾರಿ ಕಾಣುತ್ತದೆ. “ತಾಮ್ರ ಸಂಗ್ರಹವಾಯಿತು” ಎಂದು ಮೊದಲೇ ಬರೆದುಬಿಟ್ಟ ಮಗುವಿಗೆ ಆ ಪ್ರಶ್ನೆ ಹುಟ್ಟುವುದೇ ಇಲ್ಲ.

ನೀರು ಕಾಯಿಸುವುದನ್ನೇ ನೋಡಿ. ಪಾತ್ರೆಯ ತಳದಲ್ಲಿ ಮೊದಲು ಅಂಟಿಕೊಳ್ಳುವ ಸಣ್ಣ ಗುಳ್ಳೆಗಳು ನೀರಿನಲ್ಲಿ ಕರಗಿದ್ದ ಗಾಳಿಯವು. ನೀರು ಬಿಸಿಯಾದಷ್ಟೂ ಗಾಳಿ ಅದರಲ್ಲಿ ಕಡಿಮೆ ಕರಗುವುದರಿಂದ ಅವು ಹೊರಗೆ ಬರುತ್ತವೆ. ಕುದಿಯುವಾಗ ಏಳುವ ದೊಡ್ಡ ಗುಳ್ಳೆಗಳಲ್ಲಿ ಇರುವುದು ನೀರಾವಿ. ಎರಡನ್ನೂ ಮಕ್ಕಳು ದಿನವೂ ನೋಡುತ್ತಾರೆ. ಎರಡಕ್ಕೂ ‘ಗುಳ್ಳೆ’ ಎನ್ನುವ ಒಂದೇ ಹೆಸರು ಇರುವುದರಿಂದ ಎರಡೂ ಒಂದೇ ಎಂದುಕೊಳ್ಳುತ್ತಾರೆ. ಮೊದಲನೆಯವು ಯಾವ ಬಿಸಿಯಲ್ಲಿ ಬಂದವು, ಎಲ್ಲಿ ಅಂಟಿದ್ದವು, ಎಷ್ಟು ದೊಡ್ಡವು ಎಂದು ಬರೆದುಕೊಂಡ ಮಗು ಆ ವ್ಯತ್ಯಾಸವನ್ನು ತಾನೇ ಹಿಡಿಯುತ್ತದೆ. ಬರವಣಿಗೆಯಲ್ಲಿ ‘ಯಾವಾಗ’ ಎಂಬುದು ಸೇರಿದರೆ ಎಷ್ಟೋ ಗಂಟುಗಳು ಬಿಚ್ಚಿಕೊಳ್ಳುತ್ತವೆ.

ಹಾಗೆಂದು ಕಣ್ಣು ಕಂಡದ್ದೇ ಕೊನೆಯ ಮಾತು ಎಂದು ನಾನು ಹೇಳುತ್ತಿಲ್ಲ. 1875ರಲ್ಲಿ ಫ್ರಾನ್ಸಿನ ಲೆಕಾಕ್ ದ ಬ್ವಾಬೋದ್ರಾನ್ ಗ್ಯಾಲಿಯಂ ಎಂಬ ಹೊಸ ಧಾತು ಕಂಡುಹಿಡಿದಾಗ, ಅದರ ಸಾಂದ್ರತೆ ನೀರಿನ 4.7 ಪಟ್ಟು ಎಂದು ಅಳೆದರು. ಅಂಥ ಧಾತು ಇರಲೇಬೇಕೆಂದು ತನ್ನ ಆವರ್ತ ಕೋಷ್ಟಕದಲ್ಲಿ ಜಾಗ ಬಿಟ್ಟಿದ್ದ ರಷ್ಯದ ರಸಾಯನಶಾಸ್ತ್ರಜ್ಞ ಮೆಂಡಲೀವ್ ಅದು ಸುಮಾರು 5.9 ಇರಬೇಕು, ಮತ್ತೆ ಅಳೆಯಿರಿ ಎಂದರು. ಇನ್ನಷ್ಟು ಶುದ್ಧ ಮಾಡಿ ಅಳೆದಾಗ ಬಂದದ್ದು 5.9. ಧಾತುವನ್ನು ಕಣ್ಣಿನಿಂದ ಕಾಣದ ಮನುಷ್ಯ, ಕಂಡವರ ಅಳತೆಯನ್ನು ತಿದ್ದಿದ. ಆದರೆ ತಿದ್ದಿದ ರೀತಿ ಗಮನಿಸಿ. 4.7 ಎಂದು ಬರೆದದ್ದನ್ನು ಯಾರೂ ರಬ್ಬರಿನಿಂದ ಉಜ್ಜಿ 5.9 ಮಾಡಲಿಲ್ಲ. ಮತ್ತೆ ಅಳೆದರು.

ಉಳಿದುಹೋದ ಒಂದು ಗುಳ್ಳೆ

ಹೊಂದದೆ ಉಳಿಯುವ ಸಣ್ಣ ಅಂಕಿಗಳ ಬಗ್ಗೆ ಯೋಚಿಸಿದಾಗಲೆಲ್ಲ ನನಗೆ ನೆನಪಾಗುವುದು ಆರ್ಗಾನ್. ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರ‍್ಯಾಲೆ ಅನಿಲಗಳ ಸಾಂದ್ರತೆಯನ್ನು ಅತ್ಯಂತ ಎಚ್ಚರಿಕೆಯಿಂದ ಅಳೆಯುತ್ತಿದ್ದರು. ಗಾಳಿಯಿಂದ ಆಮ್ಲಜನಕ, ಇಂಗಾಲದ ಡೈಆಕ್ಸೈಡ್, ತೇವ ಎಲ್ಲವನ್ನೂ ತೆಗೆದು ಉಳಿಸಿಕೊಂಡ ಸಾರಜನಕವನ್ನು ಒಂದು ಗಾಜಿನ ಗೋಳದಲ್ಲಿ ತುಂಬಿ ತೂಗಿದರೆ ಸುಮಾರು 2.310 ಗ್ರಾಂ. ಅಮೋನಿಯದಂಥ ಸಂಯುಕ್ತಗಳಿಂದ ತಯಾರಿಸಿದ ಸಾರಜನಕವನ್ನು ಅದೇ ಗೋಳದಲ್ಲಿ ತೂಗಿದರೆ ಸುಮಾರು 2.299 ಗ್ರಾಂ. ಒಂದೇ ಅನಿಲ, ಎರಡು ತೂಕ. ವ್ಯತ್ಯಾಸ ಇನ್ನೂರರಲ್ಲಿ ಒಂದು ಪಾಲು ಮಾತ್ರ. ನಮ್ಮ ಲ್ಯಾಬಿನಲ್ಲಾಗಿದ್ದರೆ ಇಬ್ಬರು ವಿದ್ಯಾರ್ಥಿಗಳು ಒಬ್ಬರನ್ನೊಬ್ಬರು ನೋಡಿಕೊಂಡು ಎರಡನ್ನೂ 2.30 ಎಂದು ಬರೆದು ಎದ್ದುಹೋಗುತ್ತಿದ್ದರು. ನಾನಂತೂ ಹಾಗೆಯೇ ಮಾಡಿರುತ್ತಿದ್ದೆ. ರ‍್ಯಾಲೆ ಈ ವ್ಯತ್ಯಾಸ ಇದಕ್ಕಿಂತಲೂ ಚಿಕ್ಕದಾಗಿ ಮೊದಲು ಕಂಡಾಗಲೇ, 1892ರಲ್ಲಿ, ನೇಚರ್ ಎಂಬ ವಿಜ್ಞಾನ ಪತ್ರಿಕೆಗೆ ಪತ್ರ ಬರೆದು, ಇದು ಹೀಗೇಕೆ ಎಂದು ತಿಳಿದವರನ್ನು ಕೇಳಿದರು.

ಈ ಕಥೆಗೆ ನೂರು ವರ್ಷ ಹಿಂದಿನ ಒಂದು ತುಣುಕೂ ಇದೆ. 1785ರಲ್ಲಿ ಹೆನ್ರಿ ಕ್ಯಾವೆಂಡಿಶ್ ಗಾಳಿಯಲ್ಲಿ ವಿದ್ಯುತ್ ಕಿಡಿ ಹಾಯಿಸಿ, ಆಮ್ಲಜನಕ ಸೇರಿಸುತ್ತಾ ಸೇರಿಸುತ್ತಾ ಸಾರಜನಕವನ್ನೆಲ್ಲ ಕ್ಷಾರದ ದ್ರಾವಣಕ್ಕೆ ಹೀರಿಸಲು ನೋಡಿದ್ದ. ಏನು ಮಾಡಿದರೂ ಒಂದು ಸಣ್ಣ ಗುಳ್ಳೆ ಉಳಿದುಬಿಡುತ್ತಿತ್ತು. ಮೊದಲಿದ್ದದ್ದರ 120ರಲ್ಲಿ ಒಂದು ಪಾಲಿಗಿಂತ ಹೆಚ್ಚಲ್ಲ. ಅದೇನೆಂದು ಅವನಿಗೆ ಗೊತ್ತಾಗಲಿಲ್ಲ, ಗೊತ್ತುಮಾಡಿಕೊಳ್ಳುವ ಸಾಧನವೂ ಆಗ ಇರಲಿಲ್ಲ. ಆದರೆ ಆ ಗುಳ್ಳೆಯನ್ನು ಅವನು ಬರೆದಿಟ್ಟ. ಅದರ ಗಾತ್ರ ಸಮೇತ ಬರೆದಿಟ್ಟ. ಒಂದು ಶತಮಾನ ಕಳೆದ ಮೇಲೆ ರ‍್ಯಾಲೆ ಮತ್ತು ವಿಲಿಯಂ ರಾಮ್ಸೆ ಆ ಬರಹದತ್ತ ಹಿಂತಿರುಗಿದರು. ಕಾದ ಮೆಗ್ನೀಸಿಯಂ ಮೇಲೆ ಸಾರಜನಕವನ್ನು ಮತ್ತೆ ಮತ್ತೆ ಹಾಯಿಸಿದಾಗ ರಾಮ್ಸೆಗೂ ಹೀರಲಾಗದ ಅನಿಲ ಉಳಿಯಿತು. ಅದರ ವರ್ಣಪಟಲದಲ್ಲಿ, ಅಂದರೆ ಅದು ಸೂಸುವ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ, ಆಗ ಗೊತ್ತಿದ್ದ ಯಾವ ಧಾತುವಿಗೂ ಸೇರದ ಗೆರೆಗಳಿದ್ದವು. 1894ರಲ್ಲಿ ಹೊಸ ಅನಿಲವನ್ನು ಪ್ರಕಟಿಸಿದರು. ಅದೇ ಆರ್ಗಾನ್. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಸುಮಾರು 0.93 ಪಾಲು ಅದೇ. ಇಂಗಾಲದ ಡೈಆಕ್ಸೈಡ್‌ಗಿಂತ ಎಷ್ಟೋ ಪಟ್ಟು ಹೆಚ್ಚು. ಅಷ್ಟು ಕಾಲವೂ ಪ್ರತಿಯೊಬ್ಬರ ಮೂಗಿನಲ್ಲೂ ಓಡಾಡುತ್ತಿದ್ದ ಅನಿಲವದು.

ಕ್ಯಾವೆಂಡಿಶ್ ಆ ಗುಳ್ಳೆಯನ್ನು ಸಿಂಕಿಗೆ ಚೆಲ್ಲಲಿಲ್ಲ. ನನಗೆ ಅದೇ ದೊಡ್ಡದಾಗಿ ಕಾಣುತ್ತದೆ.

ಮತ್ತೆ ಬೋಗುಣಿಯ ಮುಂದೆ

ಆ ಭಾನುವಾರ ನಾವಿಬ್ಬರೂ ಪ್ರಯೋಗವನ್ನು ಮತ್ತೆ ಮಾಡಿದೆವು. ನೀರಿಗೆ ಎರಡು ಹನಿ ಶಾಯಿ ಹಾಕಿ, ಜಾಡಿಯ ಹೊರಮೈಗೆ ಉದ್ದಕ್ಕೆ ಒಂದು ಕಾಗದದ ಪಟ್ಟಿ ಅಂಟಿಸಿ, ಅದರ ಮೇಲೆ ಗೆರೆ ಎಳೆದೆವು. ಅವಳಿಗೆ ಒಂದೇ ಒಂದು ಮಾತು ಹೇಳಿದ್ದೆ: “ಯಾಕೆ ಅಂತ ಬರೀಬೇಡ. ಏನು, ಯಾವಾಗ, ಅಷ್ಟೇ ಬರಿ.” ಅವಳು ಗಡಿಯಾರ ನೋಡುತ್ತಾ ಬರೆದಳು. ಮೊದಲ ಸಲ ನಾಲ್ಕು ಸಾಲು. ಎರಡನೆಯ ಸಲ ಹನ್ನೊಂದು ಸಾಲು. ಉರಿಯ ಬುಡದಲ್ಲಿ ನೀಲಿ ಇದೆ ಎಂದು ಬರೆದಳು. ಬತ್ತಿಯ ಸುತ್ತ ಕತ್ತಲೆಯಂಥದ್ದೊಂದು ಜಾಗ ಇದೆ, ಅಲ್ಲಿ ಬೆಳಕಿಲ್ಲ ಎಂದು ಬರೆದಳು. ಬತ್ತಿಯ ಬುಡದಲ್ಲಿ ಕರಗಿದ ಮೇಣ ಬಟ್ಟಲಿನ ಹಾಗೆ ನಿಂತಿದೆ, ಅದರಲ್ಲಿ ಸಣ್ಣ ಕಪ್ಪು ಚೂರು ಸುತ್ತುತ್ತಿದೆ ಎಂದು ಬರೆದಳು. ನಾನು ಆ ಚೂರನ್ನು ನೋಡಿಯೇ ಇರಲಿಲ್ಲ. ಆರಿದ ಮೇಲೆ ಏಳುವ ಬಿಳಿಯ ಎಳೆಯನ್ನು ಅವಳು ‘ಹೊಗೆ’ ಎಂದು ಬರೆದಿದ್ದಳು. ಬಯಲಲ್ಲಿ ಇನ್ನೊಂದು ಬತ್ತಿ ಹಚ್ಚಿ, ಆರಿಸಿ, ಆ ಎಳೆಗೆ ಮೇಲಿನಿಂದ ಕಡ್ಡಿಯ ಉರಿ ತಾಗಿಸಿ ತೋರಿಸಿದೆ. ಬೆಂಕಿ ಎಳೆಯ ಮೇಲೆ ಜಾರಿಕೊಂಡು ಕೆಳಗೆ ಇಳಿದು ಬತ್ತಿ ಮತ್ತೆ ಹತ್ತಿಕೊಂಡಿತು. ಅವಳು ‘ಹೊಗೆ’ ಎನ್ನುವುದನ್ನು ಹೊಡೆದುಹಾಕಿ ‘ಬಿಳಿ ಎಳೆ’ ಎಂದು ಬರೆದಳು. ಅದು ಆವಿಯಾದ ಮೇಣ ತಣ್ಣಗಾಗಿ ಆದ ಸಣ್ಣ ಕಣಗಳು ಎಂದು ನಾನು ಹೇಳುವ ಮೊದಲೇ, “ಹೊಗೆ ಆಗಿದ್ರೆ ಉರೀತಿರ್ಲಿಲ್ಲ ಅಲ್ವಾ ದೊಡ್ಡಮ್ಮ?” ಅಂದಳು.

ಆಮೇಲೆ ಮೂರು ಬತ್ತಿ ಇಟ್ಟೆವು. ಅದೇ ಜಾಡಿ, ಅದೇ ಗಾಳಿ, ಅಷ್ಟೇ ಆಮ್ಲಜನಕ. ಆಮ್ಲಜನಕವೇ ಕಾರಣವಾಗಿದ್ದರೆ ನೀರು ಮೊದಲಿನಷ್ಟೇ ಏರಬೇಕು. ಮೂರೂ ಬೇಗ ಆರಿದವು, ಗುಳ್ಳೆಗಳು ಹೆಚ್ಚು ಬಂದವು, ನೀರು ಮೊದಲಿನ ಗೆರೆ ದಾಟಿ ಎಷ್ಟೋ ಮೇಲೆ ಹೋಗಿ ನಿಂತಿತು. ಅವಳು ಗೆರೆಯನ್ನೂ ನನ್ನನ್ನೂ ನೋಡಿದಳು.

“ಹಾಗಾದ್ರೆ ಪರೀಕ್ಷೆಲಿ ಏನು ಬರೀಲಿ?”

ಈ ಪ್ರಶ್ನೆಯನ್ನು ತಳ್ಳಿಹಾಕುವ ಹಾಗಿಲ್ಲ. ಅವಳ ಅಂಕಗಳು ಅವಳ ಪಾಲಿಗೆ ದೊಡ್ಡವು. ಗಾಳಿಯಲ್ಲಿ ಆಮ್ಲಜನಕ ಸುಮಾರು ಐದನೇ ಒಂದು ಭಾಗ ಎನ್ನುವುದು ಸರಿಯಾದ ಮಾತೇ, ಅದನ್ನು ಧೈರ್ಯವಾಗಿ ಬರಿ ಎಂದೆ. ಆ ಮಾತಿಗೆ ಈ ಪ್ರಯೋಗ ಸಾಕ್ಷಿಯಲ್ಲ, ಅಷ್ಟೇ. ಸಾಕ್ಷಿ ಬೇಕಾದರೆ ಶಾಖ ಉಳಿಸದ, ಬೇರೆ ಅನಿಲ ಹುಟ್ಟಿಸದ ದಾರಿ ಹಿಡಿಯಬೇಕು. ತೇವ ಮಾಡಿದ ಸ್ಟೀಲ್ ವೂಲನ್ನು, ಅಂದರೆ ಕೂದಲಿನಂಥ ಕಬ್ಬಿಣದ ಎಳೆಗಳ ಉಂಡೆಯನ್ನು, ಉದ್ದನೆಯ ಪ್ರನಾಳದ ತಳಕ್ಕೆ ಒತ್ತಿ, ಪ್ರನಾಳವನ್ನು ನೀರಿನಲ್ಲಿ ಬೋರಲು ನಿಲ್ಲಿಸಿದರೆ ಕಬ್ಬಿಣ ತುಕ್ಕು ಹಿಡಿಯುತ್ತಾ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅನಿಲ ಏನೂ ಹುಟ್ಟುವುದಿಲ್ಲ. ಹುಟ್ಟುವ ಅಲ್ಪ ಶಾಖ ಅಷ್ಟು ನಿಧಾನದಲ್ಲಿ ಹೊರಗೆ ಹೋಗಿರುತ್ತದೆ. ನೀರು ಗಂಟೆಗಟ್ಟಲೆ, ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಏರಿ ಒಂದು ಜಾಗದಲ್ಲಿ ನಿಲ್ಲುತ್ತದೆ.

ಪ್ರನಾಳವನ್ನು ಕಿಟಕಿಯ ಪಕ್ಕ ಇಟ್ಟೆವು. ಅವಳು ನೀರಿನ ಮಟ್ಟಕ್ಕೆ ಸರಿಯಾಗಿ ಒಂದು ದಾರ ಕಟ್ಟಿದಳು. ರಾತ್ರಿ ಮಲಗುವ ಮುಂಚೆ ಬಂದು ನೋಡಿ ಇನ್ನೊಂದು ದಾರ ಕಟ್ಟಿದಳು. ಬೆಳಿಗ್ಗೆ ಎದ್ದವಳೇ ಮುಖ ತೊಳೆಯುವ ಮೊದಲು ಮೂರನೆಯದು. ಸಂಜೆ ಶಾಲೆಯಿಂದ ಬಂದಾಗ ನೀರು ಮತ್ತೆ ಸ್ವಲ್ಪ ಏರಿತ್ತು. ಅದರ ಮರುದಿನ ಏರಲಿಲ್ಲ. ಅಳತೆಪಟ್ಟಿ ಹಿಡಿದು ಅಳೆದಳು. ಪ್ರನಾಳದೊಳಗಿನ ಗಾಳಿಯ ಉದ್ದ ಮೊದಲು 15 ಸೆಂಟಿಮೀಟರ್ ಇತ್ತು, ಏರಿದ ನೀರು 2.9 ಸೆಂಟಿಮೀಟರ್.

“ಮೂರು ಬರಬೇಕಿತ್ತು” ಎಂದು ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚಿಕೊಂಡು ನಿಂತಳು. ರಬ್ಬರ್ ಅವಳ ಕೈಯ ಪಕ್ಕದಲ್ಲೇ ಇತ್ತು. ನಾನು ಏನೂ ಹೇಳಲಿಲ್ಲ. ಅವಳು ಬಗ್ಗಿ ಇನ್ನೊಂದು ಸಲ ಅಳೆದು, 2.9 ಎಂದು ಬರೆದಳು.